ಶ್ರೀ ಅಲ್ಲಮಪ್ರಭುದೇವರು : ನಿಂತ ನುಡಿಗೆ ಗುರುಕಾರುಣ್ಯ

ರಾಯಚೂರು ಜಿಲ್ಲೆಯ ದೇವದುರ್ಗ ತಾಲೂಕಿನ ಗೂಗಲ್ ಗ್ರಾಮವು ಕೃಷ್ಣಾನದಿಯ ತೀರದಲ್ಲಿರುವದು. ಅಲ್ಲಿ ಶ್ರೀ ಅಲ್ಲಮಪ್ರಭುದೇವರ ದೇವಾಲಯವಿದ್ದು, ಭಕ್ತರು ಹೊಳೆಯಲ್ಲಿ ಮಿಂದು ಪ್ರಭುವಿಗೆ ತಲೆವಾಗಿ ಮುಂದುವರಿಯುವರು. ಆ ತೀರದಲ್ಲಿ ಹರಿದ ನೀರೇ ಮುಂದೆ ಪೂರ್ವಾಭಿಮುಖವಾಗಿ ಸಾಗಿ ಶ್ರೀಶೈಲದ ಬುಡವನ್ನು ತೊಳೆಯುವದು. ಪ್ರಭುದೇವರ ಚರಿತ್ರವೂ ಶ್ರೀಶೈಲದ ಕದಳಿಯಲ್ಲಿಯೇ ಸಮಾಪ್ತಿಗೊಳ್ಳುವದರಿಂದ, ಗೂಗಲ್ಲಿನ ಹೊಳೆಯ ದಂಡೆಯಲ್ಲಿ ನಿಂತ ಭಕ್ತನಿಗೆ ಆ ಮಹಾನುಭಾವರ ಜೀವನವು ಮೊದಲಿನಿಂದ ಕೊನೆಯವರೆಗೆ ನೆನಪಿಗೆ ಬರುವದು ಸಹಜವಾಗಿದೆ.

ಆ ಚರಿತ್ರವನ್ನು ಇಲ್ಲಿ ಒಂದು ವಿಶೇಷವಾದ ಉದ್ದೇಶದಿಂದ ನಿರೂಪಿಸಲು ಹೊರಟಿರುವೆವು. ನಮ್ಮ ಭಕ್ತವೃಂದದಲ್ಲಿ ಪುರಾಣ ಹೇಳುವವರಿದ್ದಾರೆ, ಕೀರ್ತನೆ ಮಾಡುವವರಿದ್ದಾರೆ, ಭಜನೆಯ ಪದಗಳನ್ನು ಕಟ್ಟುವವರಿದ್ದಾರೆ, ವಾದ್ಯಗಳಲ್ಲಿ ಪರಿಶ್ರಮವುಳ್ಳವರಿದ್ದಾರೆ. ಇವರೆಲ್ಲರಿಗೂ ಎಂದಾದರೊಂದು ದಿನ ಒದಗುವ ಒಂದು ಸಂಕಟವುಂಟು. ನಿನ್ನೆಯವರೆಗೆ ತಾನಾಗಿ ಬರುತ್ತಿದ್ದ ನುಡಿಯು ಇಂದು ಬಾರದು. ಕೈಯಲ್ಲಿ ಲೇಖನಿಯಿದ್ದರೂ ಬರಹ ಸಾಗದು. ವಿದ್ಯೆಯಿದ್ದರೂ ಅದು ಒಣಗಿದ ಬಾವಿಯ ಹಗ್ಗದಂತೆ ವ್ಯರ್ಥವಾಗಿ ಇಳಿದು ವ್ಯರ್ಥವಾಗಿ ಮೇಲೇರುವದು. ಇಂಥ ವೇಳೆಯಲ್ಲಿ ಗುರುವು ಮಾಡುವ ಉಪಕಾರವು ಯಾವ ಬಗೆಯದು? ಅವನು ನಮಗೆ ನುಡಿಯನ್ನು ಸಾಲವಾಗಿ ಕೊಡುವನೇ, ಅಥವಾ ಬೇರೇನನ್ನಾದರೂ ಮಾಡುವನೇ? ಈ ಪ್ರಶ್ನೆಗೆ ಪ್ರಭುದೇವರ ಚರಿತ್ರದಷ್ಟು ಸ್ಪಷ್ಟವಾದ ಉತ್ತರವನ್ನು ಕೊಡುವ ಚರಿತ್ರವು ಕನ್ನಡ ನಾಡಿನಲ್ಲಿ ವಿರಳವೆಂದು ನಮ್ಮ ಭಾವನೆ.

ಪ್ರಭುದೇವರು ಹನ್ನೆರಡನೆಯ ಶತಮಾನದವರು. ಅವರ ಜೀವನವನ್ನು ತಿಳಿಯಲು ನಮಗಿರುವ ಮುಖ್ಯ ಆಧಾರಗಳು ಮೂರು. ಹಂಪೆಯ ಹರಿಹರ ಮಹಾಕವಿಯ ಪ್ರಭುದೇವರ ರಗಳೆಯು ಮೊದಲನೆಯದು. ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ, ಎಂದರೆ ಹದಿನೈದನೆಯ ಶತಮಾನದ ಪೂರ್ವಾರ್ಧದಲ್ಲಿ, ಚಾಮರಸ ಕವಿಯು ಭಾಮಿನೀ ಷಟ್ಪದಿಯಲ್ಲಿ ರಚಿಸಿದ ಪ್ರಭುಲಿಂಗಲೀಲೆಯು ಎರಡನೆಯದು. ಇದರಲ್ಲಿ 25 ಗತಿಗಳೂ 1111 ಪದ್ಯಗಳೂ ಇರುವವು. ಅದೇ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಶರಣರ ವಚನಗಳನ್ನೇ ಸಂವಾದರೂಪವಾಗಿ ಜೋಡಿಸಿ ಪ್ರಥಮತಃ ಸಂಕಲಿಸಿದ ಶೂನ್ಯಸಂಪಾದನೆಯು ಮೂರನೆಯದು. ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ ಮತ್ತು ಗೂಳೂರು ಸಿದ್ಧವೀರಣ್ಣೊಡೆಯರು ಇದನ್ನು ಬಳಿಕ ಪರಿಷ್ಕರಿಸಿದರು. ಈ ಮೂರೂ ಎಲ್ಲ ವಿಷಯಗಳಲ್ಲಿ ಒಂದೇ ಮಾತನ್ನು ಹೇಳುವದಿಲ್ಲ. ಭೇದವಿರುವಲ್ಲಿ ಭೇದವನ್ನು ಮುಚ್ಚಿಡದೆ ಹೇಳುವದೇ ಪ್ರಾಮಾಣಿಕವಾದ ಕ್ರಮವು.

ಪ್ರಭುದೇವರ ಜನ್ಮಸ್ಥಳವು ಬಳ್ಳಿಗಾವೆ. ಇದು ಇಂದಿನ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲೂಕಿನಲ್ಲಿರುವದು. ಆ ಕಾಲದಲ್ಲಿ ಬಳ್ಳಿಗಾವೆಯು ಸಾಮಾನ್ಯವಾದ ಊರಾಗಿರಲಿಲ್ಲ. ಅಲ್ಲಿಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠವು ಕಾಳಾಮುಖ ಆಚಾರ್ಯರ ವಿದ್ಯಾಪೀಠವಾಗಿದ್ದಿತು. 1162ನೆಯ ಇಸವಿಯ ಶಾಸನವೊಂದು ಆ ಮಠದಲ್ಲಿ ವೇದಗಳೂ ವ್ಯಾಕರಣ, ತರ್ಕ ಮುಂತಾದ ಶಾಸ್ತ್ರಗಳೂ ಕಾವ್ಯನಾಟಕಗಳೂ ಬೋಧಿಸಲ್ಪಡುತ್ತಿದ್ದವೆಂದೂ, ದೀನರಿಗೆ ಅನ್ನವೂ ರೋಗಿಗಳಿಗೆ ಔಷಧವೂ ದೊರೆಯುತ್ತಿದ್ದವೆಂದೂ ವರ್ಣಿಸಿದೆ. ವಿದ್ಯೆಗೆ ಕೊರತೆಯಿಲ್ಲದ ಊರಿನಲ್ಲಿ ಪ್ರಭುದೇವರು ಬೆಳೆದರೆಂಬುದನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಅವರಿಗೆ ಮುಂದೆ ಒದಗಿದ ಸಂಕಟವನ್ನು ಆ ವಿದ್ಯಾಸಮೃದ್ಧಿಯು ಪರಿಹರಿಸಲಾರದೆ ಹೋಯಿತು.

ಹರಿಹರನ ಪ್ರಕಾರ ಪ್ರಭುದೇವರ ತಂದೆಯು ನಾಗವಾಸಾಧಿಪತಿ. ದೇವಾಲಯದ ನೃತ್ಯಗೀತಗಳ ಪರಿಸರವೇ ಅವರ ಮನೆಯ ಪರಿಸರ. ಅಲ್ಲಮನು ಬಾಲ್ಯದಿಂದಲೇ ಮದ್ದಳೆಯಲ್ಲಿ ಅಸಾಧಾರಣವಾದ ನೈಪುಣ್ಯವನ್ನು ಪಡೆದನು. ಮದ್ದಳೆಯ ವಿದ್ಯೆಯು ಕೇವಲ ಕೈಚಳಕವಲ್ಲ. ಕುಣಿಯುವವರ ಹೆಜ್ಜೆಯನ್ನು ಕಣ್ಣಿನಿಂದ ಹಿಡಿದು, ಹಾಡುವವರ ಉಸಿರನ್ನು ಕಿವಿಯಿಂದ ಹಿಡಿದು, ಎರಡನ್ನೂ ಬೆರಳಿನಲ್ಲಿ ಕೂಡಿಸುವ ವಿದ್ಯೆಯದು. ಅದರಲ್ಲಿ ಪ್ರವೀಣನಾದ ತರುಣನು ಕಮಲತೆಯೆಂಬ ಸುಂದರಿಯನ್ನು ಕಂಡು ಮೋಹಗೊಂಡು ಅವಳನ್ನು ವರಿಸಿದನು. ಅವರಿಬ್ಬರ ಸುಖವು ಒಂದನ್ನೊಂದು ಬಿಡದ ಜೋಡಿಹಕ್ಕಿಗಳ ಸುಖದಂತಿದ್ದಿತೆಂದು ತಿಳಿಯಬೇಕು. ಆ ಸುಖವು ಬಹುಕಾಲ ನಿಲ್ಲಲಿಲ್ಲ. ಕಮಲತೆಗೆ ಜ್ವರ ಬಂದಿತು. ಆ ಜ್ವರದಲ್ಲಿಯೇ ಅವಳು ತೀರಿಕೊಂಡಳು.

ಚಾಮರಸನು ಈ ಭಾಗವನ್ನು ಬೇರೆ ರೀತಿಯಾಗಿ ಹೇಳುವನು. ಅವನ ಕಾವ್ಯದಲ್ಲಿ ಅಲ್ಲಮನು ನಿರಹಂಕಾರ ಸುಜ್ಞಾನಿಯರ ಮಗನು. ಬನವಸೆಯ ಅರಸನ ಮಗಳಾಗಿ ಹುಟ್ಟಿದ ಮಾಯೆಯು ಅವನನ್ನು ಮೋಹಿಸಲು ಬಂದು ಸೋಲುವಳು. ಅವನಿಗೆ ಮೋಹವು ಎಂದೂ ತಟ್ಟುವದಿಲ್ಲ. ತತ್ತ್ವದೃಷ್ಟಿಯಿಂದ ಈ ಕಥನವು ಅತ್ಯಂತ ಗಂಭೀರವಾದುದು. ಆದರೆ ದುಃಖದಲ್ಲಿ ಬಿದ್ದ ಸಾಮಾನ್ಯ ಸಾಧಕನಿಗೆ ಹರಿಹರನ ಕಥನವೇ ಹೆಚ್ಚು ಆಸರೆಯಾಗುವದು. ಬಿದ್ದವನು ಎದ್ದ ಬಗೆಯನ್ನು ಕೇಳಿದಾಗಲ್ಲವೇ ಬಿದ್ದವನಿಗೆ ಧೈರ್ಯವು ಬರುವದು? ಆದಕಾರಣ ಇಲ್ಲಿ ನಾವು ಹರಿಹರನನ್ನೇ ಅನುಸರಿಸುವೆವು.

ಕಮಲತೆಯ ಮರಣದ ನಂತರ ಅಲ್ಲಮನು ಮರುಳಾದನು. ಊರೂ ಮನೆಯೂ ಅವನಿಗೆ ಬೇಡವಾದವು. ಕಥನದಲ್ಲಿ ಮದ್ದಳೆಯ ನಾದವು ಅಲ್ಲಿಗೆ ನಿಂತುಹೋಗುವದು. ಯಾರ ಹೆಜ್ಜೆಗೆ, ಯಾರ ಉಸಿರಿಗೆ ಬೆರಳು ಉತ್ತರ ಕೊಡುತ್ತಿದ್ದಿತೋ ಅವರೇ ಇಲ್ಲದಾದ ಮೇಲೆ ಬೆರಳಿಗೆ ಕೆಲಸವೇನು? ವಿದ್ಯೆಯು ಅವನಲ್ಲಿ ನಷ್ಟವಾಗಿರಲಿಲ್ಲ. ವಿದ್ಯೆಯು ಹೊರಡುವ ದಾರಿಯು ಮುಚ್ಚಿದ್ದಿತು. ಈ ಎರಡಕ್ಕೂ ಇರುವ ಭೇದವನ್ನು ಅರಿಯದವರು ನುಡಿ ನಿಂತವನಿಗೆ ಇನ್ನಷ್ಟು ಪಾಠ ಹೇಳಲು ಹೋಗುವರು. ಮುಚ್ಚಿದ ಬಾಗಿಲಿನ ಮುಂದೆ ಧಾನ್ಯದ ಚೀಲಗಳನ್ನು ಒಟ್ಟಿದರೆ ಒಳಗಿನವನ ಹಸಿವು ತೀರುವದೇ?

ಹೀಗೆ ಅಲೆಯುತ್ತ ಅಲ್ಲಮನು ಊರ ಹೊರಗಣ ಒಂದು ತೋಟದಲ್ಲಿ ಬಂದು ಕುಳಿತನು. ಮನಸ್ಸು ಎಲ್ಲಿಯೋ ಇರಲು, ಕಾಲಿನ ಉಗುರಿನಿಂದ ನೆಲವನ್ನು ಸುಮ್ಮನೆ ಗೀರುತ್ತಿದ್ದನು. ಆಗ ಮಣ್ಣಿನೊಳಗೆ ಹೊಳೆಯುವ ಬಂಗಾರದ ಕಳಸದ ತುದಿಯು ಅವನ ಕಣ್ಣಿಗೆ ಬಿದ್ದಿತು. ಅವನು ಆ ಸ್ಥಳವನ್ನು ಅಗೆಯಿಸಿದನು. ಮಣ್ಣು ಸರಿದಂತೆ ಕಳಸದ ಕೆಳಗೆ ಶಿಖರವೂ ಶಿಖರದ ಕೆಳಗೆ ಗುಡಿಯೂ ಕಾಣಿಸಿದವು. ಗುಡಿಯ ಕದವು ಮುಚ್ಚಿದ್ದಿತು. ಅಲ್ಲಮನು ಹಿಂಜರಿಯದೆ ಆ ಕದವನ್ನು ಒದ್ದು ತೆರೆದು ಒಳಹೊಕ್ಕನು. ಒಳಗೆ ಒಬ್ಬ ಯೋಗಿಯು ಕುಳಿತಿದ್ದನು. ಅವನ ಅಂಗೈಯಲ್ಲಿ ಲಿಂಗವಿದ್ದಿತು. ದೃಷ್ಟಿಯು ಆ ಲಿಂಗದಲ್ಲಿ ನೆಟ್ಟಿದ್ದಿತು. ಕಣ್ಣಿನ ಎವೆಯು ಅಲುಗುತ್ತಿರಲಿಲ್ಲ. ಆದಕಾರಣವೇ ಆತನಿಗೆ ಅನಿಮಿಷನೆಂದು ಹೆಸರು.

ಭಕ್ತರೇ, ಈ ಸಂದರ್ಭವನ್ನು ಸಾವಧಾನವಾಗಿ ಭಾವಿಸಿರಿ. ಅನಿಮಿಷಯೋಗಿಯು ಅಲ್ಲಮನಿಗೆ ಉಪದೇಶದ ಭಾಷಣವನ್ನು ಮಾಡಲಿಲ್ಲ. ಕಮಲತೆಯನ್ನು ಮರೆತುಬಿಡೆಂದು ಸಮಾಧಾನ ಹೇಳಲಿಲ್ಲ. ಅವನ ಕಲೆಯನ್ನು ಹೊಗಳಲೂ ಇಲ್ಲ, ಅವನ ಮೋಹವನ್ನು ಜರೆಯಲೂ ಇಲ್ಲ. ತನ್ನ ಕೈಯಲ್ಲಿದ್ದ ಲಿಂಗವು ಅಲ್ಲಮನ ಕೈಗೆ ಬಂದಿತು. ಅದರೊಡನೆಯೇ ಯೋಗಿಯ ಪ್ರಾಣವು ಬಯಲಾಯಿತು. ಕೊಟ್ಟವನು ಉಳಿಯಲಿಲ್ಲ, ಕೊಟ್ಟದ್ದು ಮಾತ್ರ ಉಳಿಯಿತು. ಎರಡನೆಯ ದಿನ ಹೋಗಿ ಸಂಶಯ ಕೇಳುವ ಅವಕಾಶವೇ ಶಿಷ್ಯನಿಗೆ ಇರಲಿಲ್ಲ. ತಾನು ಒದ್ದು ತೆರೆದ ಬಾಗಿಲಿನಿಂದ ತಾನೇ ಹೊರಗೆ ಬಂದು ತನ್ನ ದಾರಿಯನ್ನು ತಾನೇ ನಡೆಯಬೇಕಾಯಿತು.

ಹಾಗಾದರೆ ಗುರುವು ಮಾಡಿದ ಉಪಕಾರವೇನು? ಅಲ್ಲಮನ ದೃಷ್ಟಿಯು ಇಲ್ಲದವಳನ್ನು ಹುಡುಕುತ್ತ ಹೊರಗೆ ಚದರಿದ್ದಿತು. ಅನಿಮಿಷನು ಆ ದೃಷ್ಟಿಗೆ ನಿಲ್ಲುವ ಒಂದು ನೆಲೆಯನ್ನು ತೋರಿದನು. ಎವೆಯಿಕ್ಕದೆ ನೋಡುವದು ಹೇಗೆಂಬುದನ್ನು ಹೇಳಿ ಕಲಿಸದೆ ಇದ್ದು ಕಲಿಸಿದನು. ಇಷ್ಟೇ ಆತನ ಉಪಕಾರ. ಇಷ್ಟಕ್ಕಿಂತ ದೊಡ್ಡ ಉಪಕಾರವಿಲ್ಲ. ಮೊದಲು ಮದ್ದಳೆಯಲ್ಲಿ ನಾದವಾಗಿ ಹೊರಡುತ್ತಿದ್ದ ಶಕ್ತಿಯು ಅಂದಿನಿಂದ ವಚನವಾಗಿ ಹೊರಡತೊಡಗಿತು. ಗುಹೇಶ್ವರನೆಂಬ ಅಂಕಿತದಲ್ಲಿ ಆ ಮಹಾತ್ಮರ 1600ಕ್ಕೂ ಮಿಕ್ಕಿದ ವಚನಗಳು ನಮಗಿಂದು ಉಪಲಬ್ಧವಾಗಿರುವವು. ಅವುಗಳಲ್ಲಿ ಬೆಡಗಿನ ವಚನಗಳು ವಿದ್ವಾಂಸರನ್ನೂ ದಿಕ್ಕುಗೆಡಿಸುವಷ್ಟು ಗಹನವಾದವು. ನುಡಿಗೆ ಸಿಗದುದನ್ನು ನುಡಿಯಲ್ಲಿ ತರುವದು ಹೇಗೆಂಬ ಚಿಂತೆಯು ಅವರ ವಚನಗಳಲ್ಲಿ ಮತ್ತೆ ಮತ್ತೆ ಕಾಣಿಸುವದು. ನುಡಿ ನಿಂತುಹೋದ ದಿನಗಳನ್ನು ಕಂಡವರಿಗಲ್ಲದೆ ಅಂಥ ಚಿಂತೆಯು ಹುಟ್ಟುವದು ಕಷ್ಟವೇ ಸರಿ.

ತಾವು ಪಡೆದ ಉಪಕಾರವನ್ನು ಪ್ರಭುದೇವರು ತಮ್ಮಲ್ಲಿಯೇ ಇಟ್ಟುಕೊಳ್ಳಲಿಲ್ಲ. ಅವರ ಮುಂದಿನ ಜೀವನವೆಲ್ಲವೂ ಸಂಚಾರದ್ದು. ಎಲ್ಲೆಲ್ಲಿ ಯಾವ ಸಾಧಕನ ದಾರಿಯು ಕಟ್ಟಿಹೋಗಿದ್ದಿತೋ ಅಲ್ಲಲ್ಲಿಗೆ ಅವರು ಕರೆಯದೆ ಹೋದರು. ಇದನ್ನು ಶೂನ್ಯಸಂಪಾದನೆಯು ವಿಸ್ತಾರವಾಗಿ ವರ್ಣಿಸುವದು.

ಅವರಲ್ಲಿ ಮೊದಲನೆಯವರು ಮುಕ್ತಾಯಕ್ಕನವರು. ಇವರ ಅಣ್ಣನಾದ ಅಜಗಣ್ಣನು ಲಿಂಗವನ್ನು ಬಾಯಲ್ಲಿ ಅಡಗಿಸಿಕೊಂಡು, ತನ್ನ ಭಕ್ತಿಯನ್ನು ಯಾರಿಗೂ ತೋರಗೊಡದೆ ನಡೆದ ಗುಪ್ತಭಕ್ತನು. ಅಣ್ಣನೇ ಆ ತಂಗಿಗೆ ಗುರುವು. ಬಾಗಿಲಿನ ಮೇಲಣ ಅಡ್ಡಪಟ್ಟಿಯು ತಲೆಗೆ ಬಡಿದು ಅವನು ಲಿಂಗೈಕ್ಯನಾದನೆಂದು ಸಂಪ್ರದಾಯವು ಹೇಳುವದು. ಅಣ್ಣನನ್ನೂ ಗುರುವನ್ನೂ ಒಂದೇ ಗಳಿಗೆಯಲ್ಲಿ ಕಳೆದುಕೊಂಡ ಅಕ್ಕನವರು ಶೋಕದಲ್ಲಿ ಮುಳುಗಿ ಕುಳಿತಿರಲು ಪ್ರಭುದೇವರು ಅಲ್ಲಿಗೆ ಬಂದರು. ಕಮಲತೆಯನ್ನು ಕಳೆದುಕೊಂಡವರಲ್ಲದೆ ಮತ್ತಾರು ಆ ಬಾಗಿಲಲ್ಲಿ ನಿಲ್ಲಲು ಅರ್ಹರು? ಅವರು ಕಣ್ಣೀರು ಒರೆಸುವ ಮಾತನ್ನು ಆಡದೆ ಪ್ರಶ್ನೆಗಳನ್ನು ಕೇಳಿದರು. ಅಕ್ಕನವರೂ ಅವರ ಮಾತನ್ನು ಸುಲಭವಾಗಿ ಒಪ್ಪಲಿಲ್ಲ. ಅರಿವಿನ ಮಾತನ್ನು ಆಡುವವರು ಮಾತಿನ ಬಂಧನವನ್ನು ತಾವು ದಾಟಿರುವರೋ ಇಲ್ಲವೋ ಎಂದು ತಿರುಗಿ ಪ್ರಶ್ನಿಸಿದರು. ಪ್ರಭುದೇವರು ಅದಕ್ಕೆ ಕೋಪಿಸಲಿಲ್ಲ. ಆ ಸಂವಾದದಲ್ಲಿ ವಾದವೂ ಪ್ರತಿವಾದವೂ ಸಾಗಿದಂತೆ ಶೋಕದಲ್ಲಿ ಕಟ್ಟಿದ್ದ ಗಂಟಲು ಬಿಚ್ಚಿತು. ಗಹನವಾದ ವಚನಗಳು ಹೊರಬಂದವು. ಗುರುವಿನ ಎದುರಿನಲ್ಲಿ ಪ್ರತಿಪ್ರಶ್ನೆಯನ್ನು ಕೇಳಲು ಧೈರ್ಯ ಬಂದ ಗಳಿಗೆಯೇ ನಿಂತ ನುಡಿಯು ಮರಳಿ ಹರಿದ ಗಳಿಗೆಯೆಂದು ಇದರಿಂದ ತಿಳಿಯಬೇಕು.

ಎರಡನೆಯವರು ಸೊನ್ನಲಿಗೆಯ ಸಿದ್ಧರಾಮರು. ಸೊನ್ನಲಿಗೆಯೆಂದರೆ ಇಂದಿನ ಸೊಲ್ಲಾಪುರ. ಇವರ ತಡೆಯು ಮುಕ್ತಾಯಕ್ಕನವರ ತಡೆಗೆ ತೀರ ವಿರುದ್ಧವಾದುದು. ಅಕ್ಕನವರು ಕೈಚೆಲ್ಲಿ ಕುಳಿತಿದ್ದರು. ಸಿದ್ಧರಾಮರಿಗೆ ಕೈಗೆ ಬಿಡುವೇ ಇರಲಿಲ್ಲ. ಶ್ರೀಶೈಲದ ಮಲ್ಲಿಕಾರ್ಜುನನನ್ನು ಕಂಡು ಬಂದ ಆ ಮಹಾಪುರುಷರು ಗುಡಿಗಳನ್ನು ಕಟ್ಟಿಸುತ್ತ, ಕೆರೆಯನ್ನು ತೋಡಿಸುತ್ತ, ಸಾವಿರಾರು ಜನರನ್ನು ಲೋಕಹಿತದ ಕೆಲಸದಲ್ಲಿ ತೊಡಗಿಸಿದ್ದರು. ಪ್ರಭುದೇವರು ಅಲ್ಲಿಗೆ ಬಂದು, ಅವರನ್ನು ಕಲ್ಲುಮಣ್ಣಿನ ಕೆಲಸದ ಒಡ್ಡನೆಂಬಂತೆ ಕರೆದರು. ಕೆಲಸದವರು ಸಿಟ್ಟಿಗೆದ್ದು ಕಲ್ಲುಗಳನ್ನು ಎಸೆದರು. ಸಿದ್ಧರಾಮರೂ ಉಗ್ರರಾಗಿ ಬಂದರು. ಅವರ ಕೋಪಾಗ್ನಿಯನ್ನು ಪ್ರಭುದೇವರು ಶಮನಗೊಳಿಸಿದರೆಂದು ಪುರಾತನರು ಹೇಳುವರು. ಪ್ರಭುದೇವರು ಕೆರೆಯನ್ನು ಜರೆದವರಲ್ಲ. ಹೊರಗೆ ನೀರನ್ನು ಹುಡುಕುವ ಭರದಲ್ಲಿ ಒಳಗಿನ ಸೆಲೆಯು ಮರೆತುಹೋದುದನ್ನು ಅವರು ತೋರಿಸಿದರು. ದುಡಿಮೆಯೂ ಒಮ್ಮೊಮ್ಮೆ ತಡೆಯಾಗುವದೆಂಬ ಈ ಮಾತನ್ನು ಸದಾ ಕಾರ್ಯಮಗ್ನರಾದ ಸಾಧಕರು ವಿಶೇಷವಾಗಿ ಗಮನಿಸಬೇಕು. ತರುವಾಯ ಸಿದ್ಧರಾಮರು ಪ್ರಭುದೇವರೊಡನೆ ಕಲ್ಯಾಣಕ್ಕೆ ಬಂದು, ಚೆನ್ನಬಸವಣ್ಣನವರಿಂದ ಇಷ್ಟಲಿಂಗವನ್ನು ಪಡೆದರು. ತಾನು ದಾರಿ ತೋರಿದವನಿಗೆ ದೀಕ್ಷೆಯನ್ನೂ ತಾನೇ ಕೊಡಬೇಕೆಂಬ ಆಸೆಯು ಪ್ರಭುದೇವರಿಗಿರಲಿಲ್ಲವೆಂಬುದು ಇಲ್ಲಿ ಸ್ಪಷ್ಟವಾಗುವದು.

ಕಲ್ಯಾಣದಲ್ಲಿ ಬಸವಣ್ಣನವರಂಥ ಮಹಾಭಕ್ತರಿಗೂ ಪ್ರಭುದೇವರ ಪರೀಕ್ಷೆಯು ತಪ್ಪಲಿಲ್ಲ. ಪ್ರಭುದೇವರೂ ಸಿದ್ಧರಾಮರೂ ಮಹಾಮನೆಯ ಬಾಗಿಲಿಗೆ ಬಂದಾಗ ಬಸವಣ್ಣನವರು ಲಿಂಗಪೂಜೆಯಲ್ಲಿ ತಲ್ಲೀನರಾಗಿದ್ದರು. ಜಂಗಮವು ಬಾಗಿಲಲ್ಲಿ ನಿಂತಿರಲು ಒಳಗೆ ನಡೆಯುವ ಪೂಜೆಯು ಯಾವ ಪೂಜೆಯೆಂದು ಪ್ರಭುದೇವರು ಕಟುವಾಗಿಯೇ ಆಕ್ಷೇಪಿಸಿದರು. ಬಸವಣ್ಣನವರು ತಮ್ಮ ತಪ್ಪನ್ನು ಒಪ್ಪಿಕೊಂಡು ಶರಣಾಗತರಾದರು. ಬಳಿಕ ಶರಣರೆಲ್ಲರೂ ಪ್ರಭುದೇವರನ್ನು ಶೂನ್ಯಸಿಂಹಾಸನದಲ್ಲಿ ಕುಳ್ಳಿರಿಸಿದರು. ಅಕ್ಕಮಹಾದೇವಿಯವರು ಕಲ್ಯಾಣಕ್ಕೆ ಬಂದಾಗ ತುಂಬಿದ ಗೋಷ್ಠಿಯಲ್ಲಿ ಅವರನ್ನು ಕಠಿಣವಾಗಿ ಪ್ರಶ್ನಿಸಿದವರೂ ಪ್ರಭುದೇವರೇ. ಆ ಪ್ರಶ್ನೆಗಳು ಅಕ್ಕನವರನ್ನು ಕುಂದಿಸಲಿಲ್ಲ. ಅವರ ಅಂತರಂಗವನ್ನು ಎಲ್ಲರೂ ಕಾಣುವಂತೆ ಬೆಳಗಿಸಿದವು. ಮುಂದೆ ಗೋರಕ್ಷನೆಂಬ ಸಿದ್ಧನು ತನ್ನ ವಜ್ರಕಾಯದ ಹೆಮ್ಮೆಯಿಂದ ಎದುರಾದನು. ಖಡ್ಗವು ಅವನ ಮೈಗೆ ತಗುಲಿ ಖಣಿಲೆಂದಿತು. ಅದೇ ಖಡ್ಗವು ಪ್ರಭುದೇವರ ಮೈಯಲ್ಲಿ ಬಯಲಿನಲ್ಲಿ ಬೀಸಿದಂತೆ ಹಾಯ್ದುಹೋಯಿತು. ಗಟ್ಟಿಯಾಗಿರುವದೇ ಸಿದ್ಧಿಯೆಂದು ನಂಬಿದ್ದವನ ತಡೆಯು ಆ ಗಟ್ಟಿತನವೇ ಆಗಿದ್ದಿತು.

ಈ ಎಲ್ಲ ಪ್ರಸಂಗಗಳನ್ನು ಒಂದೆಡೆಯಲ್ಲಿಟ್ಟು ನೋಡಿದರೆ ಎರಡು ಸಂಗತಿಗಳು ನಿಚ್ಚಳವಾಗುವವು. ಮೊದಲನೆಯದು, ಪ್ರಭುದೇವರು ಎಲ್ಲರಿಗೂ ಒಂದೇ ಮದ್ದನ್ನು ಕೊಡಲಿಲ್ಲ. ಒಬ್ಬರ ತಡೆಯು ಶೋಕ, ಒಬ್ಬರದು ದುಡಿಮೆ, ಒಬ್ಬರದು ಪೂಜೆಯ ನಿಯಮ, ಒಬ್ಬರದು ಸಿದ್ಧಿಯ ಗರ್ವ. ತಡೆಯು ಎಲ್ಲಿರುವದೆಂದು ಕಾಣುವದೇ ಗುರುವಿನ ದೃಷ್ಟಿ. ಅದನ್ನು ತೆಗೆಯುವದೇ ಗುರುವಿನ ಕೃತ್ಯ. ಎರಡನೆಯ ಸಂಗತಿಯು ಇದಕ್ಕಿಂತ ಮಹತ್ತ್ವದ್ದು. ಪ್ರಭುದೇವರಿಂದ ಉಪಕೃತರಾದ ಶರಣರಲ್ಲಿ ಯಾರೂ ಗುಹೇಶ್ವರನ ಅಂಕಿತವನ್ನು ತಮ್ಮದಾಗಿ ಮಾಡಿಕೊಳ್ಳಲಿಲ್ಲ. ಮುಕ್ತಾಯಕ್ಕನವರ ವಚನಗಳಲ್ಲಿ ಅವರ ಅಣ್ಣನಾದ ಅಜಗಣ್ಣನ ಹೆಸರೇ ಅಂಕಿತವಾಗಿ ನಿಂತಿರುವದು. ಸಿದ್ಧರಾಮರ ಅಂಕಿತವು ಕಪಿಲಸಿದ್ಧಮಲ್ಲಿಕಾರ್ಜುನ, ಬಸವಣ್ಣನವರದು ಕೂಡಲಸಂಗಮದೇವ, ಅಕ್ಕನವರದು ಚೆನ್ನಮಲ್ಲಿಕಾರ್ಜುನ. ಅಣ್ಣನ ಶೋಕವನ್ನು ಬಿಡಿಸಲು ಬಂದ ಗುರುವು ಅಣ್ಣನ ಹೆಸರನ್ನು ಬಿಡಿಸಲಿಲ್ಲ. ಶೋಕದ ಕಾರಣವಾಗಿದ್ದ ಹೆಸರೇ ವಚನದ ಮುದ್ರೆಯಾಯಿತು. ಗುರುವು ತನ್ನ ದನಿಯನ್ನು ಶಿಷ್ಯನ ಬಾಯಲ್ಲಿ ತುಂಬಿದ್ದರೆ ಇಂದು ನಮಗೆ ಒಬ್ಬ ಪ್ರಭುವಿನ ವಚನಗಳೂ ಅವುಗಳ ಪ್ರತಿಧ್ವನಿಗಳೂ ಮಾತ್ರ ದೊರೆಯುತ್ತಿದ್ದವು. ಅವರು ಹಾಗೆ ಮಾಡದ್ದರಿಂದಲೇ ಶರಣರ ಸಾಹಿತ್ಯವು ಹಲವು ದನಿಗಳ ಸಮುದ್ರವಾಯಿತು.

ಆದಕಾರಣ ನುಡಿ ನಿಂತ ಸಾಧಕನು ಗುರುವಿನ ಬಳಿಗೆ ಹೋಗುವಾಗ ಪದಗಳನ್ನು ಬೇಡಬಾರದು. ತನ್ನೊಳಗೆ ಅಡ್ಡವಾಗಿರುವದು ಯಾವುದೆಂದು ಕೇಳಬೇಕು. ಉತ್ತರವು ಕಹಿಯಾಗಿರಬಹುದು, ಒಡ್ಡನೆಂಬ ಹೆಸರಿನಂತೆ ಅವಮಾನಕರವಾಗಿಯೂ ತೋರಬಹುದು. ಕೆಲವು ವೇಳೆ ಉತ್ತರವೇ ಬರದೆ, ಅನಿಮಿಷನ ಗುಡಿಯಲ್ಲಿದ್ದಂತೆ ಬರಿಯ ಮೌನವಿರಬಹುದು. ಮಾರ್ಗದರ್ಶಕರಾದವರೂ ಒಂದು ಮಾತನ್ನು ನೆನಪಿನಲ್ಲಿಡಬೇಕು. ಶಿಷ್ಯನ ಪದ್ಯವನ್ನು ತಾವೇ ತಿದ್ದಿ ಮುಗಿಸಿಕೊಡುವದು ಸುಲಭ. ಅವನು ತಾನಾಗಿ ಮುಗಿಸುವವರೆಗೆ ಕಾಯುವದು ಕಷ್ಟ. ಮೊದಲನೆಯದರಿಂದ ಒಂದು ಪದ್ಯವು ಸಿದ್ಧವಾಗುವದು. ಎರಡನೆಯದರಿಂದ ಒಬ್ಬ ಕವಿಯು ಸಿದ್ಧನಾಗುವನು. ಮತ್ತು ಕಳಸದ ತುದಿಯನ್ನು ಕಂಡವನು ತಾನೇ ನೆಲವನ್ನು ಅಗೆಯಿಸಬೇಕು, ಕದವನ್ನು ತಾನೇ ಒದೆಯಬೇಕು. ಅಷ್ಟನ್ನು ಅಲ್ಲಮನ ಪರವಾಗಿ ಯಾರೂ ಮಾಡಲಿಲ್ಲ.

ಕಲ್ಯಾಣದ ಶರಣಸಂಕುಲವು ಕ್ರಾಂತಿಯ ಕಾಲದಲ್ಲಿ ನಾನಾ ದಿಕ್ಕುಗಳಿಗೆ ಚದರಿತು. ಪ್ರಭುದೇವರು ಶ್ರೀಶೈಲದ ಕದಳಿಯಲ್ಲಿ ಬಯಲಾದರು. ತಮಗಾಗಿ ಅವರು ಮಠವನ್ನು ಕಟ್ಟಲಿಲ್ಲ, ಗ್ರಂಥವನ್ನು ಬರೆದಿಡಲಿಲ್ಲ. ಮೂರು ಶತಮಾನಗಳ ತರುವಾಯ ಶೂನ್ಯಸಂಪಾದನಕಾರರು ಆ ಸಂವಾದಗಳನ್ನು ಹೆಣೆದು ಕೊಟ್ಟುದರಿಂದ, ಅವರು ಒಬ್ಬೊಬ್ಬ ಸಾಧಕನ ಬಾಗಿಲಲ್ಲಿ ನಿಂತ ಚಿತ್ರವು ನಮಗೆ ಉಳಿದಿರುವದು. ಚಾಮರಸನ ಕಾವ್ಯವು ತಮಿಳಿಗೂ ತೆಲುಗಿಗೂ ಪರಿವರ್ತಿತವಾಗಿ ಆ ಚಿತ್ರವನ್ನು ಕನ್ನಡ ನಾಡಿನ ಆಚೆಗೂ ಒಯ್ದಿತು.

ಗೂಗಲ್ಲಿಗೆ ಹೋದ ಭಕ್ತರು ಹೊಳೆಯ ದಂಡೆಯಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತುಕೊಳ್ಳಲಿ. ಬೇಸಗೆಯಲ್ಲಿ ಕೃಷ್ಣೆಯು ಬಂಡೆಗಳ ನಡುವೆ ಸಣ್ಣಗಾಗಿ ಅಲ್ಲಲ್ಲಿ ಮಡುಗಟ್ಟಿ ನಿಂತಂತೆ ತೋರುವಳು. ಮಳೆಗಾಲದಲ್ಲಿ ಅವಳೇ ದಂಡೆಯನ್ನು ಮೀರಿ ಹರಿಯುವಳು. ನಿಂತಂತೆ ತೋರಿದ ದಿನವೂ ಅವಳು ಶ್ರೀಶೈಲದ ದಾರಿಯನ್ನು ಬಿಟ್ಟಿರುವದಿಲ್ಲ. ನುಡಿ ನಿಂತ ಸಾಧಕನೂ ಹಾಗೆಯೇ ದಾರಿಯನ್ನು ಬಿಡದಿರಲಿ. ಗುರುಕಾರುಣ್ಯವು ಅವನ ತಡೆಯನ್ನು ಸರಿಸಲಿ. ಅವನ ನುಡಿಯು ಅವನದೇ ಅಂಕಿತದಲ್ಲಿ ಹರಿಯಲಿ ಎಂದು ಪ್ರಭುದೇವರ ಪಾದಗಳಲ್ಲಿ ಬೇಡಿಕೊಂಡು ಈ ಲೇಖನವನ್ನು ಮುಗಿಸುವೆವು.

ಸರ್ವರಿಗೂ ಮಂಗಲವಾಗಲಿ.